ಔಷಧಿಗೆ ಬಗ್ಗದ ರೋಗಾಣು ದೇಹಕ್ಕೆ ಬಗ್ಗುತ್ತಾ?

ಶರಾವತಿ ತೀರ, ಸಾಗರ

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ನಮ್ಮ ಭಾವನ ಕಫದ ಟೆಸ್ಟಿನಲ್ಲಿ ಟಿಬಿ ಅಂತ ಬಂದಿದೆ, ಜೊತೆಗೆ ರಿಫಾಂಪಿಸಿನ್ ಔಷಧಿಗೆ ರೆಸಿಸ್ಟೆನ್ಸ್ ಇದೆ ಅಂತಲೂ ಬಂದಿದೆ. ಚಿಕಿತ್ಸೆ ಶುರುವಾಗಿದೆ, ಅದರಲ್ಲಿ ಡಾಕ್ಟರ್ ಹೇಳಿದ ಹಾಗೆ ನಡೆಯುತ್ತಿದ್ದೇವೆ. ನನ್ನ ಪ್ರಶ್ನೆ ಬೇರೆ. ನೋಡಲು ಬಂದ ನೆಂಟರೊಬ್ಬರು "ಔಷಧಿ ತಡೆದುಕೊಳ್ಳುವ ರೋಗಾಣು ಒಳಗೊಳಗೇ ಸೊರಗಿರುತ್ತೆ, ಒಳ್ಳೆ ಊಟ ಕೊಟ್ಟರೆ ದೇಹವೇ ಮುಗಿಸುತ್ತೆ" ಅಂದರು. ಇನ್ನೊಬ್ಬರು "ಅದು ಸೂಪರ್‌ಬಗ್, ಅದಕ್ಕೆ ಔಷಧಿಯೂ ನಾಟಲ್ಲ, ಇಮ್ಯುನಿಟಿಯೂ ನಾಟಲ್ಲ" ಅಂತ ಅಕ್ಕನ ಎದುರಿಗೇ ಹೇಳಿ ಹೋದರು. ಅಕ್ಕ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಔಷಧಿಗೆ ಬಗ್ಗದ ಹಾಗೆ ಬದಲಾದ ಬ್ಯಾಕ್ಟೀರಿಯಾ ನಮ್ಮ ದೇಹದ ರಕ್ಷಣೆಯ ಎದುರು ಹೇಗೆ ವರ್ತಿಸುತ್ತದೆ? ಬಲ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ?

ತುಂಗಾ ಲ್ಯಾಬ್, ಶಿವಮೊಗ್ಗ

ಮೊದಲು ಅಕ್ಕನಿಗೆ ಧೈರ್ಯ ಹೇಳಿ. ಈ ಥರದ ಟಿಬಿಗೆ ಈಗ ಬೇರೆ ಔಷಧಿಗಳಿವೆ. ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ನಾಲ್ಕೂ ಸೇರಿದ ಆರು ತಿಂಗಳ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಯಾರಿಗೆ ಯಾವುದು ಅಂತ ಡಾಕ್ಟರ್ ತೀರ್ಮಾನಿಸುತ್ತಾರೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೆಂಟರಿಬ್ಬರ ಮಾತೂ ಅರ್ಧರ್ಧ. ಯಾವ ಜೀನ್ ಬದಲಾಗಿದೆ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಆಂಟಿಬಯೋಟಿಕ್ ಹೊಡೆಯುವುದು ಬ್ಯಾಕ್ಟೀರಿಯಾದ ಮುಖ್ಯ ಭಾಗಗಳಿಗೇ, ಅಂದರೆ ಹೊರಗೋಡೆ, ಪ್ರೋಟೀನ್ ತಯಾರಾಗುವ ಜಾಗ, ಜೀನ್ ಓದುವ ಕಿಣ್ವ ಹೀಗೆ. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ಗುರುತಿಸುವುದೂ ಬಹಳ ಸಲ ಅದೇ ಹೊರಗೋಡೆಯ ಅಂಶಗಳಿಂದ. ಹಾಗಾಗಿ ಒಂದು ಕಡೆ ಬದಲಾದರೆ ಇನ್ನೊಂದು ಕಡೆಯೂ ಅದರ ಪರಿಣಾಮ ಇರಬಹುದು.

ಟಿಬಿಯದ್ದೇ ಉದಾಹರಣೆ ತಗೊಳ್ಳಿ. ಟಿಬಿಗೆ ಕೊಡುವ ಐಸೋನಿಯಜಿಡ್ ಮಾತ್ರೆ ನುಂಗಿದಾಗ ಅದು ಇನ್ನೂ ಕೆಲಸ ಮಾಡುವ ರೂಪದಲ್ಲಿ ಇರುವುದಿಲ್ಲ. ಟಿಬಿ ಬ್ಯಾಕ್ಟೀರಿಯಾದ ಒಳಗೇ ಇರುವ ಕ್ಯಾಟ್‌ಜಿ ಅನ್ನುವ ಕಿಣ್ವ ಅದನ್ನು ವಿಷವಾಗಿ ಬದಲಿಸಬೇಕು. ಆಗಲೇ ಬ್ಯಾಕ್ಟೀರಿಯಾ ಸಾಯುವುದು. ಕ್ಯಾಟ್‌ಜಿ ಕೆಟ್ಟು ಹೋದರೆ ಮಾತ್ರೆ ನುಂಗಿಯೂ ಉಪಯೋಗ ಇಲ್ಲ. ಆದರೆ ಈ ಕಿಣ್ವಕ್ಕೆ ಇನ್ನೊಂದು ಕೆಲಸ ಇದೆ. ನಮ್ಮ ಶ್ವಾಸಕೋಶದ ರಕ್ಷಣಾ ಕೋಶಗಳು, ಅಂದರೆ ಮ್ಯಾಕ್ರೋಫೇಜ್‌ಗಳು, ರೋಗಾಣುವನ್ನು ನುಂಗಿ ಅದರ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಥರದ ಸುಡುವ ರಾಸಾಯನಿಕ ಬಿಡುತ್ತವೆ. ಅದನ್ನು ಒಡೆದು ಬ್ಯಾಕ್ಟೀರಿಯಾವನ್ನು ಕಾಪಾಡುವುದೂ ಇದೇ ಕ್ಯಾಟ್‌ಜಿ. ಈ ಜೀನ್ ಪೂರ್ತಿ ಕಳೆದುಕೊಂಡ ಬ್ಯಾಕ್ಟೀರಿಯಾ ಔಷಧಿಯಿಂದ ಪಾರಾಗುತ್ತದೆ, ದೇಹದ ಕೈಗೆ ಸಿಕ್ಕಿಬೀಳುತ್ತದೆ. 1953ರಲ್ಲೇ ಮಿಡಲ್‌ಬ್ರೂಕ್ ಮತ್ತು ಕೋನ್ ಎಂಬ ವಿಜ್ಞಾನಿಗಳು ಇದನ್ನು ಗಿನಿಪಿಗ್‌ಗಳಲ್ಲಿ ತೋರಿಸಿದ್ದರು. ಐಸೋನಿಯಜಿಡ್‌ಗೆ ಬಗ್ಗದ ಎಷ್ಟೋ ತಳಿಗಳು ಆ ಪ್ರಾಣಿಗಳಲ್ಲಿ ಅಷ್ಟಾಗಿ ರೋಗ ತರಲಿಲ್ಲ. ನಿಮ್ಮ ಮೊದಲನೇ ನೆಂಟರು ಹೇಳಿದ ಮಾತಿಗೆ ಇಷ್ಟು ಆಧಾರ ಇದೆ.

ಆದರೆ ರೋಗಿಗಳ ಕಫದಲ್ಲಿ ಹೆಚ್ಚಾಗಿ ಸಿಗುವುದು ಆ ಪೂರ್ತಿ ಕೆಟ್ಟ ಕ್ಯಾಟ್‌ಜಿ ಅಲ್ಲ. ಕಿಣ್ವದ ಸರಪಳಿಯ 315ನೇ ಜಾಗದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಹೋಗಿ ಥ್ರಿಯೊನಿನ್ ಎಂಬುದು ಬಂದಿರುವ ಒಂದು ಸಣ್ಣ ಬದಲಾವಣೆ, ಪ್ರಪಂಚದ ಎಲ್ಲ ಕಡೆ ಅದೇ ಜಾಸ್ತಿ. ಇಷ್ಟು ಬದಲಾದರೆ ಕಿಣ್ವ ಐಸೋನಿಯಜಿಡ್ ಅನ್ನು ವಿಷ ಮಾಡುವುದಿಲ್ಲ, ಆದರೆ ಪೆರಾಕ್ಸೈಡ್ ಒಡೆಯುವ ಕೆಲಸ ಹೆಚ್ಚು ಕಡಿಮೆ ನಡೆಸಿಕೊಂಡು ಹೋಗುತ್ತದೆ. ಅಡಿಕೆಯನ್ನು ಎರಡು ಜರಡಿಯಲ್ಲಿ ಹಾಯಿಸಿದ ಹಾಗೆ ಇದು. ಒಂದು ಜರಡಿ ಔಷಧಿ, ಇನ್ನೊಂದು ನಮ್ಮ ದೇಹ. ಲ್ಯಾಬಿನ ತಟ್ಟೆಯಲ್ಲಿ ಮೊದಲನೆಯದನ್ನು ಮಾತ್ರ ದಾಟಿದವೂ ಬೆಳೆಯುತ್ತವೆ. ಒಬ್ಬರಿಂದ ಒಬ್ಬರಿಗೆ ಹರಡಿ ನಮ್ಮ ಮನೆಯವರೆಗೆ ಬರುವವು ಎರಡನ್ನೂ ದಾಟಿದವು. ಅದಕ್ಕೇ "ರೆಸಿಸ್ಟೆಂಟ್ ಅಂದರೆ ಬಲಹೀನ" ಅಂತ ನಂಬಿ ಕೂರಬಾರದು.

ಇನ್ನು ರಿಫಾಂಪಿಸಿನ್. ಅದು ಹಿಡಿಯುವುದು ಜೀನ್ ನಕಲು ತೆಗೆಯುವ ಕಿಣ್ವವನ್ನು. ಆ ಕಿಣ್ವದ ಆರ್‌ಪಿಒಬಿ ಜೀನಿನಲ್ಲಿ 81 ಅಕ್ಷರದ ಒಂದು ಸಣ್ಣ ತುಂಡಿದೆ, ಹೆಚ್ಚಿನ ರೆಸಿಸ್ಟೆನ್ಸ್ ಬರುವುದು ಅಲ್ಲಿಂದಲೇ. ಸಿಬಿನಾಟ್ ಯಂತ್ರಕ್ಕೆ ಕಫ ಹಾಕಿದಾಗ ಸುಮಾರು ಎರಡು ಗಂಟೆಯಲ್ಲಿ ಅದು ನೋಡಿ ಹೇಳುವುದು ಆ ತುಂಡನ್ನೇ. ನಿಮ್ಮ ಭಾವನ ರಿಪೋರ್ಟ್ ಬಂದದ್ದು ಈ ಟೆಸ್ಟಿನಿಂದಲೇ ಇರಬೇಕು. ಈ ಕಿಣ್ವ ಬದಲಾದರೆ ಬ್ಯಾಕ್ಟೀರಿಯಾದ ಎಷ್ಟೋ ಜೀನ್‌ಗಳ ಕೆಲಸ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಅದರಲ್ಲಿ ಹೊರಗೋಡೆಯ ಕೊಬ್ಬಿನ ಅಂಶಗಳೂ ಸೇರಿವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಒಂದು ಮ್ಯುಟೇಶನ್, ಅಂದರೆ ಜೀನಿನ ಬದಲಾವಣೆ ಇರುವ ಟಿಬಿ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್ ಒಳಗೆ ಹೋದಾಗ ಆ ಕೋಶದ ಪ್ರತಿಕ್ರಿಯೆಯೇ ಬೇರೆ ದಾರಿ ಹಿಡಿಯಿತು. ಸಾಮಾನ್ಯ ಟಿಬಿಗೆ ಕೋಶ ಇಂಟರ್‌ಲ್ಯೂಕಿನ್-1 ಎಂಬ ಸಂಕೇತ ಪ್ರೋಟೀನಿನ ದಾರಿಯಲ್ಲಿ ಎಚ್ಚರ ಆಗುತ್ತದೆ. ಇದಕ್ಕೆ ಇಂಟರ್‌ಫೆರಾನ್-ಬೀಟಾ ಎಂಬ ಇನ್ನೊಂದು ಸಂಕೇತದ ಬಿಡುಗಡೆ ಜಾಸ್ತಿಯಾಯಿತು, ಕೋಶ ಸಕ್ಕರೆ ಬಳಸುವ ರೀತಿಯೂ ಬದಲಾಯಿತು. ಈ ಇಂಟರ್‌ಫೆರಾನ್ ವೈರಸ್ ವಿರುದ್ಧ ಒಳ್ಳೆಯ ಅಸ್ತ್ರ, ಟಿಬಿಯಲ್ಲಿ ಅದು ಹೆಚ್ಚಾದರೆ ರೋಗಿಗೆ ತೊಂದರೆಯೇ ಜಾಸ್ತಿ. ಇದನ್ನು ನೋಡಿದ್ದು ಲ್ಯಾಬಿನ ಕೋಶಗಳಲ್ಲಿ, ರೋಗಿಗಳಲ್ಲಿ ಅಲ್ಲ. ಇದರಿಂದ ಭಾವನ ಬಗ್ಗೆ ಏನನ್ನೂ ಲೆಕ್ಕ ಹಾಕಬೇಡಿ.

ಶರಾವತಿ ತೀರ, ಸಾಗರ

ತುಂಬಾ ಥ್ಯಾಂಕ್ಸ್ ಸರ್. ಮಾತ್ರೆಯನ್ನು ಬ್ಯಾಕ್ಟೀರಿಯಾವೇ ವಿಷ ಮಾಡಿಕೊಳ್ಳುತ್ತೆ ಅನ್ನುವುದು ನನಗೆ ಪೂರ್ತಿ ಹೊಸದು. ಹಾಗಾದರೆ ದೇಹದ ಶಕ್ತಿ ಹೆಚ್ಚಿಸಲು ಅಮೃತಬಳ್ಳಿ ಕಷಾಯ ಕೊಡಬಹುದಾ? ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ.

ಕೊಡಚಾದ್ರಿ ಅಕ್ಕ, ಹೊಸನಗರ

ನಾನು ಟಿಬಿ ಕಾರ್ಯಕ್ರಮದಲ್ಲಿ ಮನೆ ಮನೆಗೆ ಹೋಗುವವಳು. ಕಷಾಯದ ಬಗ್ಗೆ ಒಂದೇ ಮಾತು. ಡಾಕ್ಟರನ್ನು ಕೇಳದೆ ಕೊಡಬೇಡಿ ತಮ್ಮಾ. ಟಿಬಿ ಔಷಧಿಗಳು ಲಿವರ್ ಮೇಲೆ ಮೊದಲೇ ಭಾರ ಹಾಕಿರುತ್ತವೆ, ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ನಮ್ಮ ದೇಶದಲ್ಲೇ ವರದಿಯಾಗಿವೆ.

ದೇಹದ ಶಕ್ತಿಗೆ ಊಟವೇ ದೊಡ್ಡದು. ಇದು ಸುಮ್ನೆ ಬಾಯಿಮಾತಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನಲ್ಲಿ 'ರೇಷನ್ಸ್' ಎಂಬ ಅಧ್ಯಯನ ಮಾಡಿದರು, 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಅಂಥ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು 39% ಕಡಿಮೆಯಾಯಿತು. ಒಂದು ಲಸಿಕೆಯಿಂದ ಇಷ್ಟು ಫಲ ಬಂದಿದ್ದರೆ ಪೇಪರಿನ ಮುಖಪುಟದಲ್ಲಿ ಬರುತ್ತಿತ್ತು ಅಲ್ವಾ? ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ ಕೊಡುವ ಹಣ ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಭಾವನ ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ಅಂತ ಕೇಳಿ. ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಕೊಡಿ, ಇಲ್ಲದಿದ್ದರೆ ಹೆಸರುಕಾಳು, ಕಡಲೆಬೀಜ, ಹಾಲು. ಮನೆಯ ಉಳಿದವರ ಟೆಸ್ಟ್ ಮಾಡಿಸಿ. ಮಕ್ಕಳಿದ್ದರೆ ಮೊದಲು ಅವರದ್ದು.

ನೈಟ್ ಶಿಫ್ಟ್, ಶಿವಮೊಗ್ಗ

ನಾನು ಐಸಿಯು ನರ್ಸ್. ಟಿಬಿ ಬಿಟ್ಟು ಇನ್ನೊಂದು ಕೇಳುತ್ತೇನೆ. ನಮ್ಮಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಬಂದರೆ ಕೊನೆಗೆ ಉಳಿಯುವ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಕಿಡ್ನಿಗೆ ಕಷ್ಟ ಅಂತ ಗೊತ್ತಿದ್ದೂ, ಬೇರೆ ದಾರಿ ಇಲ್ಲದೆ ಕೊಡುತ್ತಾರೆ. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ದೇಹದ ರಕ್ಷಣೆಯಿಂದಲೂ ತಪ್ಪಿಸಿಕೊಳ್ಳುತ್ತಾ? ಮೊನ್ನೆ ಒಬ್ಬ ರೋಗಿಯ ಮಗ ಇದನ್ನು ಕೇಳಿದ. ಅವನಿಗೆ ಸರಿಯಾದ ಉತ್ತರ ಹೇಳಬೇಕು ಅಂತ ಇದೆ.

ತುಂಗಾ ಲ್ಯಾಬ್, ಶಿವಮೊಗ್ಗ

ಮೇಡಂ, ಈ ವಿಷಯದಲ್ಲಿ ನನಗೆ ಹೆಚ್ಚು ಕಳವಳ ಇರುವುದು ಇಲ್ಲಿಯೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಅಸಿನೆಟೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾದ ಹೊರಪದರದಲ್ಲಿ ಎಲ್‌ಪಿಎಸ್ ಎಂಬ ವಸ್ತು ಇರುತ್ತದೆ, ಅದರ ಬುಡದಲ್ಲಿ ಋಣ ವಿದ್ಯುದಂಶ. ಕೊಲಿಸ್ಟಿನ್‌ಗೆ ಧನ ವಿದ್ಯುದಂಶ. ಅದಕ್ಕೇ ಹೋಗಿ ಅಂಟಿಕೊಂಡು ಪದರ ಹರಿದು ಹಾಕುತ್ತದೆ. ನಮ್ಮ ದೇಹವೂ ಇದೇ ಉಪಾಯ ಬಳಸುತ್ತದೆ. ಬಿಳಿ ರಕ್ತಕಣಗಳಲ್ಲಿ, ಶ್ವಾಸನಾಳದ ಒಳಪದರದಲ್ಲಿ ಎಲ್‌ಎಲ್-37 ಅಂತ ಒಂದು ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನ್ ತುಂಡು ತಯಾರಾಗುತ್ತದೆ, ಅದೂ ಧನ ವಿದ್ಯುದಂಶದ್ದೇ, ಅದೂ ಹೋಗಿ ಅದೇ ಜಾಗಕ್ಕೆ ಅಂಟುವುದು. ಈಗ ಪಿಎಂಆರ್‌ಬಿ ಎಂಬ ಜೀನಿನಲ್ಲಿ ಮ್ಯುಟೇಶನ್ ಆಯಿತು ಅಂದುಕೊಳ್ಳಿ. ಬ್ಯಾಕ್ಟೀರಿಯಾ ತನ್ನ ಎಲ್‌ಪಿಎಸ್ ಬುಡಕ್ಕೆ ಫಾಸ್ಫೊಎಥನಾಲಮೀನ್ ಸೇರಿಸುತ್ತದೆ, ಋಣ ಅಂಶ ಕಡಿಮೆಯಾಗುತ್ತದೆ, ಕೊಲಿಸ್ಟಿನ್ ಅಂಟುವುದಿಲ್ಲ. ಅದರ ಜೊತೆಗೆ ಎಲ್‌ಎಲ್-37 ಕೂಡ ಸರಿಯಾಗಿ ಅಂಟುವುದಿಲ್ಲ. ಕೊಲಿಸ್ಟಿನ್ ಪಡೆದ ರೋಗಿಗಳಿಂದ ತೆಗೆದ ಅಸಿನೆಟೊಬ್ಯಾಕ್ಟರ್‌ನಲ್ಲಿ ಇದನ್ನು 2013ರಲ್ಲಿ ತೋರಿಸಿದ್ದಾರೆ. ಎಲ್‌ಎಲ್-37 ಮಾತ್ರ ಅಲ್ಲ, ಲೈಸೋಜೈಮ್‌ಗೂ ಅವು ಬಗ್ಗಲಿಲ್ಲ. ಲೈಸೋಜೈಮ್ ಅಂದರೆ ಕಣ್ಣೀರು, ಎಂಜಲಲ್ಲೂ ಇರುವ ಕಿಣ್ವ, 1922ರಲ್ಲಿ ಫ್ಲೆಮಿಂಗ್ ಕಂಡುಹಿಡಿದದ್ದು, ಪೆನಿಸಿಲಿನ್‌ಗಿಂತಲೂ ಮೊದಲು. ಆ ರೋಗಿಗಳ ದೇಹದಲ್ಲಿ ಕೊಲಿಸ್ಟಿನ್ ಅದನ್ನು ತಾಳುವ ಬ್ಯಾಕ್ಟೀರಿಯಾವನ್ನು ಆರಿಸಿ ಉಳಿಸಿತು, ಆ ಬ್ಯಾಕ್ಟೀರಿಯಾ ದೇಹದ ಸ್ವಂತ ಅಸ್ತ್ರಗಳನ್ನೂ ತಾಳುವಂಥದ್ದಾಗಿತ್ತು.

ಆದರೆ ಇದೇ ಅಸಿನೆಟೊಬ್ಯಾಕ್ಟರ್‌ಗೆ ಇನ್ನೊಂದು ದಾರಿಯೂ ಇದೆ. ಎಲ್‌ಪಿಎಸ್ ಮಾಡುವ ಜೀನ್‌ಗಳನ್ನೇ ಕೆಡಿಸಿಕೊಂಡು ಎಲ್‌ಪಿಎಸ್ ಪೂರ್ತಿ ಬಿಟ್ಟುಬಿಡುವುದು. ಆಗ ಕೊಲಿಸ್ಟಿನ್‌ಗೆ ಅಂಟಲು ಜಾಗವೇ ಇಲ್ಲ. ಇಂಥವು ದೇಹದ ಪೆಪ್ಟೈಡ್‌ಗಳಿಗೆ, ರಕ್ತದ ಸೀರಮ್‌ಗೆ ಬೇಗ ಸಾಯುತ್ತವೆ, ಬೇರೆ ಎಷ್ಟೋ ಆಂಟಿಬಯೋಟಿಕ್‌ಗಳಿಗೂ ಬಗ್ಗುತ್ತವೆ. ರಿಪೋರ್ಟಿನಲ್ಲಿ ಎರಡಕ್ಕೂ 'ಕೊಲಿಸ್ಟಿನ್ ರೆಸಿಸ್ಟೆಂಟ್' ಅಂತಲೇ ಬರುತ್ತದೆ, ದೇಹದ ಒಳಗೆ ಎರಡರ ನಡತೆ ಉಲ್ಟಾ. ಆ ಹುಡುಗನಿಗೆ ಇಷ್ಟು ಹೇಳಿ. ಔಷಧಿಗೆ ಬಗ್ಗದ್ದು ದೇಹಕ್ಕೂ ಬಗ್ಗದೇ ಇರಬಹುದು, ಆದರೆ ಹಾಗೇ ಆಗಬೇಕು ಅಂತಿಲ್ಲ.

ಲ್ಯಾಬ್ ಕಡೆಯಿಂದ ಒಂದು ಮಾತು. ಕೊಲಿಸ್ಟಿನ್ ದೊಡ್ಡ ಅಣು, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಅಗರ್ ಎಂಬ ಜೆಲ್ಲಿಯಲ್ಲಿ ಸರಿಯಾಗಿ ಹರಡುವುದಿಲ್ಲ. ತಟ್ಟೆಯ ಮೇಲೆ ಕಾಗದದ ಬಿಲ್ಲೆ ಇಟ್ಟು ಸುತ್ತ ಎಷ್ಟು ಜಾಗ ಖಾಲಿಯಾಗಿದೆ ಅಂತ ಅಳೆಯುವ ಮಾಮೂಲಿ ಪರೀಕ್ಷೆ ಇದಕ್ಕೆ ನಂಬಿಕಸ್ಥ ಅಲ್ಲ. ಬ್ರಾತ್ ಮೈಕ್ರೋಡೈಲ್ಯೂಷನ್, ಅಂದರೆ ಬೇರೆ ಬೇರೆ ಪ್ರಮಾಣದ ಔಷಧಿ ಬೆರೆಸಿದ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಮಾಡಬೇಕು. ಕೊಲಿಸ್ಟಿನ್ ರಿಪೋರ್ಟ್ ಬಂದಾಗ ಯಾವ ವಿಧಾನದಲ್ಲಿ ನೋಡಿದ್ದು ಅಂತ ಕೇಳಿ ಮೇಡಂ.

ಗಿಡ್ಡ ಹಸು, ತೀರ್ಥಹಳ್ಳಿ

ಪಶುವೈದ್ಯನಾಗಿ ಒಂದೆರಡು ಸೇರಿಸುತ್ತೇನೆ. ಕೋಳಿಗಳ ತೂಕ ಹೆಚ್ಚಲಿ ಅಂತ ಹಿಂದೆ ಕೊಲಿಸ್ಟಿನ್ ಅನ್ನು ಅವುಗಳ ಮೇವಿಗೆ ಬೆರೆಸುತ್ತಿದ್ದರು. 2015ರ ಕೊನೆಯಲ್ಲಿ ಚೀನಾದಿಂದ ಎಂಸಿಆರ್-1 ಎಂಬ ಜೀನಿನ ಸುದ್ದಿ ಬಂತು. ಇದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಜೀನ್, ಮಾಡುವ ಕೆಲಸ ತುಂಗಾ ಲ್ಯಾಬ್ ಸರ್ ಹೇಳಿದ ಆ ಫಾಸ್ಫೊಎಥನಾಲಮೀನ್ ಸೇರಿಸುವುದೇ. 2023ರಲ್ಲಿ ಬಂದ ಅಧ್ಯಯನದ ಪ್ರಕಾರ ಈ ಜೀನ್ ಇರುವ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಕೋಳಿ, ಹಂದಿ, ಮನುಷ್ಯ ಮೂವರ ರಕ್ಷಣಾ ಪೆಪ್ಟೈಡ್‌ಗಳನ್ನೂ ಹೆಚ್ಚು ತಾಳುತ್ತದೆ. ನಮ್ಮ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕೆ ಬಳಸುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ.

ನಾನು ದಿನಾ ನೋಡುವುದು ಕೆಚ್ಚಲು ಬಾವು. ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಇದಕ್ಕೆ ಒಂದು ಕಾರಣ ಸ್ಮಾಲ್ ಕಾಲೋನಿ ವೇರಿಯಂಟ್, ಅಂದರೆ ಲ್ಯಾಬಿನ ತಟ್ಟೆಯಲ್ಲಿ ತೀರಾ ಸಣ್ಣ ಗುಂಪುಗಳಾಗಿ ಬೆಳೆಯುವ ಅದರ ಬದಲಾದ ರೂಪ. ಜೆಂಟಾಮೈಸಿನ್ ಥರದ ಔಷಧಿ ಬ್ಯಾಕ್ಟೀರಿಯಾದ ಒಳಗೆ ಹೋಗಬೇಕಾದರೆ ಅದರ ಪದರದಲ್ಲಿ ವಿದ್ಯುತ್ ಒತ್ತಡ ಚೆನ್ನಾಗಿರಬೇಕು. ಉಸಿರಾಟದ ಜೀನ್ ಕೆಟ್ಟ ಬ್ಯಾಕ್ಟೀರಿಯಾದಲ್ಲಿ ಆ ಒತ್ತಡ ಕಡಿಮೆ, ಹಾಗಾಗಿ ಔಷಧಿ ಒಳಗೆ ಹೋಗುವುದು ಕಡಿಮೆ. ಇವು ನಿಧಾನಕ್ಕೆ ಬೆಳೆಯುತ್ತವೆ, ವಿಷವನ್ನೂ ಕಡಿಮೆ ಬಿಡುತ್ತವೆ. ವಿಷ ಕಡಿಮೆ ಅಂದರೆ ಒಳ್ಳೆಯದು ಅನಿಸುತ್ತದೆ, ಆದರೆ ಅದರಿಂದಲೇ ಇವು ಒಳಸೇರಿದ ಕೋಶ ಒಡೆಯದೆ ಹಾಗೇ ಉಳಿಯುತ್ತದೆ. ಬಿಳಿ ರಕ್ತಕಣಗಳಿಗೆ ಕಾಣದೆ ಇವು ಒಳಗೇ ಕೂತಿರುತ್ತವೆ. ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾ ದೇಹಕ್ಕೆ ಸುಲಭದ ತುತ್ತು ಅನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ.

ಭದ್ರಾ ನಾಲೆ, ಭದ್ರಾವತಿ

ಒಂದು ಅನುಮಾನ. ಎಷ್ಟೋ ಮ್ಯುಟೇಶನ್‌ನಿಂದ ಬ್ಯಾಕ್ಟೀರಿಯಾ ಸೊರಗುತ್ತೆ ಅಂತಾದರೆ ಆಂಟಿಬಯೋಟಿಕ್ ಬಳಕೆ ನಿಲ್ಲಿಸಿದರೆ ಸಾಕಲ್ವಾ? ಸೊರಗಿದ್ದು ತಾನಾಗಿಯೇ ಹೋಗುತ್ತೆ.

ತುಂಗಾ ಲ್ಯಾಬ್, ಶಿವಮೊಗ್ಗ

ಕೆಲವು ಕಡೆ ಹಾಗೇ ಆಗಿದೆ. ಚೀನಾದಲ್ಲಿ 2017ರಲ್ಲಿ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿದ ಮೇಲೆ ಎಂಸಿಆರ್-1 ಚೆನ್ನಾಗಿ ಇಳಿಯಿತು. ಆದರೆ ಎಲ್ಲದಕ್ಕೂ ಇದೇ ನಿಯಮ ಅಲ್ಲ. ರಿಫಾಂಪಿಸಿನ್ ಮ್ಯುಟೇಶನ್ ಇರುವ ಟಿಬಿಯಲ್ಲಿ ಆರ್‌ಪಿಒಸಿ ಎಂಬ ಪಕ್ಕದ ಜೀನ್ ಬದಲಾಗಿ ಕಳೆದುಕೊಂಡ ವೇಗವನ್ನು ಮರಳಿ ತಂದುಕೊಡುತ್ತದೆ. ಟೈಫಾಯ್ಡ್ ಬ್ಯಾಕ್ಟೀರಿಯಾದಲ್ಲಿ ಸಿಪ್ರೋಫ್ಲಾಕ್ಸಾಸಿನ್‌ಗೆ ಬಗ್ಗದಂತೆ ಮಾಡುವ, ಜೈರೇಸ್ ಎಂಬ ಕಿಣ್ವದ ಮ್ಯುಟೇಶನ್‌ಗಳಿವೆ, ಅವುಗಳಲ್ಲಿ ಕೆಲವು ಔಷಧಿ ಇಲ್ಲದ ಕಡೆಯೂ ಮಾಮೂಲಿ ಬ್ಯಾಕ್ಟೀರಿಯಾಕ್ಕಿಂತ ಚೆನ್ನಾಗಿ ಬೆಳೆದವು. ಅಂಥದ್ದು ತಾನಾಗಿ ಯಾಕೆ ಹೋಗುತ್ತದೆ?

ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಸ್ಟೆಫೈಲೋಕಾಕಸ್ ಆರಿಯಸ್ ವಿಷಯ ನೋಡಿ. ಆಸ್ಪತ್ರೆಯ ಹಳೆಯ ಎಂಆರ್‌ಎಸ್‌ಎ ತಳಿಗಳಲ್ಲಿ ರೆಸಿಸ್ಟೆನ್ಸ್ ಕೊಡುವ ಮೆಕ್ಎ ಜೀನ್ ಜೋರಾಗಿ ಕೆಲಸ ಮಾಡುತ್ತದೆ, ಅದರಿಂದ ವಿಷ ಬಿಡುವ ಎಜಿಆರ್ ವ್ಯವಸ್ಥೆ ಮಂಕಾಗುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಅಷ್ಟು ರೋಗ ತರುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವವರು ಗಟ್ಟಿಮುಟ್ಟಾದವರಲ್ಲ, ಅಲ್ಲಿ ಅದಕ್ಕೆ ಅಷ್ಟು ವಿಷವೇ ಸಾಕು. ಊರಿನೊಳಗೆ ಹರಡುವ ತಳಿಗಳಲ್ಲಿ ರೆಸಿಸ್ಟೆನ್ಸ್ ಸ್ವಲ್ಪ ಕಡಿಮೆ ಮಟ್ಟದ್ದು, ವಿಷ ಮಾತ್ರ ಪೂರ್ತಿ ಇರುತ್ತದೆ. ಅದು ನ್ಯೂಟ್ರೋಫಿಲ್ ಎಂಬ ನಮ್ಮ ಬಿಳಿ ರಕ್ತಕಣಗಳನ್ನೇ ಒಡೆಯುತ್ತದೆ.

ಶುಂಠಿ ಗದ್ದೆ, ಸೊರಬ

ಮಾರಾಯ್ರೆ, ನಮ್ಮ ಕಡೆಯದ್ದೂ ಒಂದು ಕೇಳುತ್ತೇನೆ. ಶುಂಠಿ ಕೊಳೆಗೆ ಅಂತ ಬೀಜದ ಶುಂಠಿಯನ್ನು ಸ್ಟ್ರೆಪ್ಟೋಸೈಕ್ಲಿನ್ ನೀರಲ್ಲಿ ಅದ್ದಿ ನೆಡುತ್ತಿದ್ದೆವು. ಎಲ್ಲರೂ ಹಾಗೇ ಮಾಡುತ್ತಿದ್ದರು. 2024ರಿಂದ ಬೆಳೆಗೆ ಬಳಸುವಂತಿಲ್ಲ ಅಂತ ಆಯ್ತು. ಗಿಡಕ್ಕೆ ಹಾಕಿದ್ದಕ್ಕೂ ಮನುಷ್ಯನ ಇಮ್ಯುನಿಟಿಗೂ ಏನು ಸಂಬಂಧ?

ತುಂಗಾ ಲ್ಯಾಬ್, ಶಿವಮೊಗ್ಗ

ಸಂಬಂಧ ಇದೆ ಅಣ್ಣ. ಅದರಲ್ಲಿ ಇರುವುದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್, ಎರಡೂ ಮನುಷ್ಯರ ಔಷಧಿಗಳೇ. ಮಣ್ಣಲ್ಲಿ, ಗೊಬ್ಬರದಲ್ಲಿ ಇರುವ ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್ ಅನ್ನು ತಾಳುವ ಒಂದು ದಾರಿ ಎಫ್ಲಕ್ಸ್ ಪಂಪ್, ಅಂದರೆ ಒಳಗೆ ಬಂದದ್ದನ್ನು ಹೊರಗೆ ತಳ್ಳುವ ಪ್ರೋಟೀನ್. ಇ. ಕೋಲೈ, ಸಾಲ್ಮೊನೆಲ್ಲಾದಲ್ಲಿ ಎಸಿಆರ್‌ಎಬಿ ಪಂಪ್ ಇದೆ. ಅದನ್ನು ಹತೋಟಿಯಲ್ಲಿಡುವ ಜೀನ್ ಕೆಟ್ಟರೆ ಪಂಪ್ ಜೋರಾಗಿ ಓಡುತ್ತದೆ. ಈ ಪಂಪ್ ಟೆಟ್ರಾಸೈಕ್ಲಿನ್ ಒಂದನ್ನೇ ತಳ್ಳುವುದಿಲ್ಲ, ನಮ್ಮ ಕರುಳಿನ ಪಿತ್ತರಸದ ಲವಣಗಳನ್ನೂ ತಳ್ಳುತ್ತದೆ. ಪಿತ್ತರಸ ಕರುಳಿಗೆ ಒಂದು ಕಾವಲು, ಬ್ಯಾಕ್ಟೀರಿಯಾ ಅದರಲ್ಲಿ ಬದುಕಿದರೆ ಮಾತ್ರ ಕರುಳಲ್ಲಿ ನೆಲೆ ನಿಲ್ಲಲು ಸಾಧ್ಯ. ಗೊನೊರಿಯಾ ಬ್ಯಾಕ್ಟೀರಿಯಾದಲ್ಲಿ ಎಂಟಿಆರ್ ಎಂಬ ಪಂಪ್ ಎಲ್‌ಎಲ್-37 ಅನ್ನೇ ಹೊರಗೆ ಹಾಕುತ್ತದೆ. ಆ ಪಂಪ್ ಜೋರಾದ ತಳಿಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ಮಾಮೂಲಿ ತಳಿಗಳನ್ನು ಹಿಂದೆ ಹಾಕಿದವು.

ಅಡಿಕೆ ಕೊಳೆಗೆ ಬೋರ್ಡೋ ಹೊಡೆಯುತ್ತೀರಲ್ಲ, ಅದರಲ್ಲಿ ಆಂಟಿಬಯೋಟಿಕ್ ಇಲ್ಲ, ಅದು ಬೇರೆ ವಿಷಯ. ಶುಂಠಿಗೆ ರೋಗವಿಲ್ಲದ ಗದ್ದೆಯ ಬೀಜ ಆರಿಸುವುದು, ನೀರು ನಿಲ್ಲದ ಹಾಗೆ ಪಾತಿ ಎತ್ತರಿಸುವುದು, ಅದೇ ಜಾಗದಲ್ಲಿ ಮತ್ತೆ ಮತ್ತೆ ಹಾಕದಿರುವುದು, ಇವೇ ಉಳಿದ ದಾರಿ. ಖರ್ಚು ಜಾಸ್ತಿ ಅಂತ ಗೊತ್ತು.

ಕೊಡಚಾದ್ರಿ ಅಕ್ಕ, ಹೊಸನಗರ

ನಡುವೆ ಒಂದು ಮಾತು. ಬೇಸಿಗೆ ಹತ್ತಿರ ಬಂತು ಅಂದರೆ ನಮ್ಮ ಕಡೆ ಮಂಗನ ಕಾಯಿಲೆ ಭಯ. ಜ್ವರ ಬಂದ ತಕ್ಷಣ ಮೆಡಿಕಲ್ ಶಾಪಿನಿಂದ ಅಜಿತ್ರೋಮೈಸಿನ್ ತಂದು ನುಂಗುತ್ತಾರೆ. ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಗುರುತಾದದ್ದು. ಅದಕ್ಕೆ ಯಾವ ಆಂಟಿಬಯೋಟಿಕ್ಕೂ ತಾಗುವುದಿಲ್ಲ. ಮಳೆಗಾಲದ ಇಲಿ ಜ್ವರಕ್ಕೆ ಆಂಟಿಬಯೋಟಿಕ್ ಬೇಕು, ಅದು ಬ್ಯಾಕ್ಟೀರಿಯಾ. ಎರಡಕ್ಕೂ ಶುರುವಿನಲ್ಲಿ ಜ್ವರ, ಮೈಕೈ ನೋವು, ತಲೆನೋವು. ರಕ್ತ ಪರೀಕ್ಷೆ ಇಲ್ಲದೆ ಗೊತ್ತಾಗಲ್ಲ, ದಯವಿಟ್ಟು ಪರೀಕ್ಷೆ ಮಾಡಿಸಿ.

ಆಗುಂಬೆ ಘಾಟಿ

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ತಂದೆಗೆ ಶುಗರ್ ಇದೆ. ಕಾಲಿನ ಗಾಯ ಆಂಟಿಬಯೋಟಿಕ್ ಕೊಟ್ಟಾಗ ಒಣಗುತ್ತೆ, ಬಿಟ್ಟರೆ ಮತ್ತೆ ಕೀವು. ಸೊರಗಿದ ಬ್ಯಾಕ್ಟೀರಿಯಾವನ್ನು ದೇಹ ಮುಗಿಸುತ್ತೆ ಅನ್ನುವ ಮಾತು ಶುಗರ್ ಇರುವವರಿಗೂ ಹೊಂದುತ್ತಾ?

ನೈಟ್ ಶಿಫ್ಟ್, ಶಿವಮೊಗ್ಗ

ಅಷ್ಟಾಗಿ ಹೊಂದುವುದಿಲ್ಲ. ಶುಗರ್ ಹತೋಟಿಯಲ್ಲಿ ಇಲ್ಲದಾಗ ನ್ಯೂಟ್ರೋಫಿಲ್‌ಗಳು ಗಾಯದ ಕಡೆ ಓಡುವುದೂ ನಿಧಾನ, ನುಂಗಿ ಕೊಲ್ಲುವುದೂ ನಿಧಾನ. ಕಾಲಿಗೆ ರಕ್ತ ಓಡಾಟವೂ ಕಡಿಮೆ ಇರುತ್ತದೆ. ಬೇರೆಯವರಲ್ಲಿ ಸತ್ತುಹೋಗುವಂಥ ಸೊರಗಿದ ಬ್ಯಾಕ್ಟೀರಿಯಾಕ್ಕೂ ಅಲ್ಲಿ ಬದುಕಲು ಟೈಮ್ ಸಿಗುತ್ತದೆ. ನಾವು ವಾರ್ಡಿನಲ್ಲಿ ಇದನ್ನು ಬಹಳ ನೋಡುತ್ತೇವೆ. ಮೊದಲು ಶುಗರ್ ಇಳಿಸಿ, ಕಾಲಿನ ಎಕ್ಸ್‌ರೇ ತೆಗೆಸಿ ಮೂಳೆಗೆ ಹೋಗಿದೆಯಾ ಅಂತ ಕೇಳಿ.

ತುಂಗಾ ಲ್ಯಾಬ್, ಶಿವಮೊಗ್ಗ

ಕಲ್ಚರ್ ಮಾಡಿಸಿ. ಮುಂದಿನ ಆಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಸ್ಯಾಂಪಲ್ ತೆಗೆಯಬೇಕು. ಮೇಲಿನ ಕೀವು ಒರೆಸಿ ಕೊಟ್ಟರೆ ಚರ್ಮದ ಬ್ಯಾಕ್ಟೀರಿಯಾ ಬರುತ್ತವೆ, ಗಾಯ ತೊಳೆದ ಮೇಲೆ ಆಳದಿಂದ ಚೂರು ಅಂಗಾಂಶ ತೆಗೆದು ಕಳಿಸಲು ಸರ್ಜನ್‌ಗೆ ಕೇಳಿ. ಲ್ಯಾಬ್ ಫಾರ್ಮಿನಲ್ಲಿ ಗಾಯ ಮತ್ತೆ ಮತ್ತೆ ಬರುತ್ತಿದೆ ಅಂತಲೂ, ಹಿಂದೆ ಯಾವ ಆಂಟಿಬಯೋಟಿಕ್ ತಗೊಂಡಿದ್ದರು ಅಂತಲೂ ಬರೆಸಿ. ಗಿಡ್ಡ ಹಸು ಸರ್ ಹೇಳಿದ ಆ ಸಣ್ಣ ಕಾಲೋನಿಗಳು ಒಂದು ದಿನದ ತಟ್ಟೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ, ಪಕ್ಕದ ದೊಡ್ಡ ಕಾಲೋನಿಗಳ ನಡುವೆ ಸೂಜಿಮೊನೆಯಷ್ಟೇ ಇರುತ್ತವೆ, ಬಣ್ಣವೂ ಇರುವುದಿಲ್ಲ. ಫಾರ್ಮಿನಲ್ಲಿ ಹಾಗೆ ಬರೆದಿದ್ದರೆ ತಟ್ಟೆಯನ್ನು ಇನ್ನೂ ಎರಡು ಮೂರು ದಿನ ಇಟ್ಟು ನೋಡುತ್ತಾರೆ.